ಎರಡು ಬೆಳೆಯ ಗದ್ದೆ, ಇಬ್ಬರು ಕೂರುವ ಕಾರು

ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದರೆ ನಮ್ಮ ಮನೆಯಲ್ಲಿ ಪೆಟ್ರೋಲಿನ ವಾಸನೆ ಬರುತ್ತದೆ. ತಲೆಗೆ ಹಚ್ಚಿಕೊಂಡು ಬಾಗಿಲಲ್ಲಿ ಕೂತರೆ ಪಕ್ಕದ ಮನೆಯ ಸರೋಜಮ್ಮ, "ಏನ್ರೀ, ಗ್ಯಾರೇಜಿಗೆ ಹೋಗಿ ಬಂದ್ರೇನು?" ಎಂದು ನಗುತ್ತಾಳೆ. ಹೊಸ ಬಾಟಲಿ ತರುವುದು ದೊಡ್ಡ ಮಾತಲ್ಲ. ಇದು ಮುಗಿಯಲಿ ಎಂದು ಬಿಟ್ಟಿದ್ದೇನೆ. ನಿಜ ಹೇಳಬೇಕೆಂದರೆ, ಬೇಗ ಮುಗಿಯದಿರಲಿ ಎಂದು ಸ್ವಲ್ಪ ಸ್ವಲ್ಪವೇ ಹಚ್ಚಿಕೊಳ್ಳುತ್ತಿದ್ದೇನೆ.

ಈ ಎಣ್ಣೆಯನ್ನು ನನ್ನ ತಲೆಗಿಂತ ಹೆಚ್ಚು ಕುಡಿದದ್ದು ಒಂದು ಕಾರಿನ ಸೀಟು. ಹೋದ ವರ್ಷ ಶ್ರಾವಣ ಕಳೆದ ಮೇಲೆ ನಮ್ಮ ಮನೆಯವರು ತೀರಿಕೊಂಡರು. ಅಲ್ಲಿಯ ತನಕ ಭಾನುವಾರ ಬಂತೆಂದರೆ ಪೆಟ್ರೋಲು ಒರೆಸಿದ ಹಳೆಯ ಬನಿಯನ್ನನ್ನೇ ಈ ಬಾಟಲಿಯ ಎಣ್ಣೆಯಲ್ಲಿ ಅದ್ದಿ, ಆ ಚರ್ಮದ ಸೀಟುಗಳನ್ನು ಒರೆಸುವುದೇ ಅವರ ಪೂಜೆ. ಬಿಸಿಲಿಗೆ ಸೀಳುತ್ತವೆ ಎಂದು ಚಿಂತೆ.

"ನನ್ನ ಹಿಮ್ಮಡ ನೋಡ್ರಿ, ಅದಕ್ಕಿಂತ ಹೆಚ್ಚು ಸೀಳ್ಯಾವು" ಎಂದರೆ, "ನಿನಗರ ತಲಿಮ್ಯಾಲೆ ಮನಿ ಐತಿ. ಪಾಪ, ಅದಕ್ಕ ಟಾಪೂ ಇಲ್ಲ" ಎನ್ನುತ್ತಿದ್ದರು.

ಹೌದು, ಟಾಪಿಲ್ಲದ ಕಾರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಹ ಮೈ. ಯಾವ ಕಾಲದಲ್ಲೋ ಯಾರೋ ಶ್ರೀಮಂತರು ಜೋರಾಗಿ ಓಡಿಸುವ ಶೋಕಿಗೆ ಹಡಗಿನಲ್ಲಿ ತರಿಸಿದ್ದಂತೆ. ಬಳ್ಳಾರಿಯ ಬಿಸಿಲಿಗೆ ಟಾಪಿಲ್ಲದ ಕಾರು ಎಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ಏಪ್ರಿಲ್‌ನಲ್ಲಿ ಒಮ್ಮೆ ಬನ್ನಿ. ನನ್ನ ತವರು ಕರೂರಿಗೆ ಅದರಲ್ಲಿ ಹೊರಟಾಗ ನಾನು ಕೊಡೆ ಹಿಡಿದು ಕೂತಿದ್ದೆ. ಸಿರುಗುಪ್ಪದ ರಸ್ತೆಯಲ್ಲಿ ಗಾಳಿಗೆ ಕೊಡೆ ಮೇಲೆಕೆಳಗಾಯಿತು. ಭತ್ತದ ಲಾರಿಯ ಡ್ರೈವರ್ ಬಗ್ಗಿ ನೋಡಿ, "ಅಕ್ಕಾ, ಟಾಪ್ ಎಲ್ಲಿ ಬಿದ್ದೈತಿ ಹೇಳ್ರಿ, ಬರಾಗ ತರ್ತೀನಿ" ಎಂದು ಕೂಗಿದ. ನಮ್ಮವರು ಊರು ಬರುವ ತನಕ ನಕ್ಕರು. ನಾನು ನಗಲಿಲ್ಲ. ಅದಕ್ಕೆ ಕಾರಣವಿತ್ತು. ಆ ಕಾರಿಗಾಗಿ ಮಾರಿದ್ದು ಕರೂರಿನಲ್ಲಿ ನನ್ನ ಪಾಲಿಗೆ ಬಂದ ಗದ್ದೆಯನ್ನು. ಎರಡು ಬೆಳೆ ಬರುವ ಗದ್ದೆ ಕೊಟ್ಟು ಇಬ್ಬರು ಕೂರುವ ಕಾರು ತಂದಿದ್ದರು.

ಅವರು ಏನು ಕೆಲಸ ಮಾಡುತ್ತಿದ್ದರು ಎಂದು ಈಗ ಹೇಳಬೇಕು. ನನ್ನ ಅಕ್ಕತಂಗಿಯರಿಗೂ ನಾನು ಸರಿಯಾಗಿ ಹೇಳಿದವಳಲ್ಲ, "ಗಾಡಿ ವ್ಯಾಪಾರ" ಎಂದು ಮುಗಿಸುತ್ತಿದ್ದೆ. ಪಂಪಣ್ಣ ಎಂಬವನು ಹಳೆಯ ಕಾರುಗಳನ್ನು ಹರಾಜು ಹಾಕುತ್ತಿದ್ದ. ಹರಾಜು ಕೂಗುವುದಕ್ಕೆ ನಮ್ಮ ಕಡೆ ಸವಾಲು ಎನ್ನುತ್ತಾರೆ. ನಮ್ಮವರು ಕೊಳ್ಳುವವರ ನಡುವೆ, ಎರಡನೆಯ ಸಾಲಿನಲ್ಲಿ, ಕೊಳ್ಳುವವರಂತೆಯೇ ಕೂರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಒಳ್ಳೆಯ ಮೀಸೆ. ಯಾರು ನೋಡಿದರೂ ಸಿರುಗುಪ್ಪ ಕಡೆಯ ದೊಡ್ಡ ಕುಳ ಎನ್ನಬೇಕು. ಅವರು ಕೂಗುತ್ತಲೂ ಇರಲಿಲ್ಲ, ಒಮ್ಮೆ ಕೆಮ್ಮುತ್ತಿದ್ದರು. ಪಂಪಣ್ಣ ಬೆಲೆ ಏರಿಸುತ್ತಿದ್ದ. ನಿಜವಾಗಿ ಕೊಳ್ಳಲು ಬಂದವನು, ಇಂಥ ಸಾಹುಕಾರನೇ ಬಯಸುವ ಮಾಲು ಎಂದು ತಾನೂ ಏರಿಸುತ್ತಿದ್ದ. ಅವನು ಬಿಡುವ ಒಂದು ಹೆಜ್ಜೆ ಮೊದಲು ಇವರು ಕೆಮ್ಮು ನಿಲ್ಲಿಸಬೇಕು. ಅಷ್ಟೇ ಕೆಲಸ, ಅದಕ್ಕೆ ಪಂಪಣ್ಣ ಸಂಬಳ ಕೊಡುತ್ತಿದ್ದ.

"ಇದು ಮೋಸ ಅಲ್ಲೇನ್ರಿ?" ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ನಾ ಯಾರ ಕಿಸೆಕ್ಕ ಕೈ ಹಾಕೀನಿ? ಬರೇ ಕೆಮ್ಮೀನಿ."

"ಹಂಗಾರ ಔಷಧ ತಗಳ್ರಿ" ಎಂದಿದ್ದೆ.

ಆ ಕೆಂಪು ಕಾರು ಸವಾಲಿಗೆ ಬಂದದ್ದು ಕಂಟೋನ್ಮೆಂಟಿನ ಒಂದು ಹಳೆಯ ಬಂಗಲೆಯಿಂದ. ಹೈದರಾಬಾದಿನಿಂದ ಒಬ್ಬ ವ್ಯಾಪಾರಿ ಬಂದಿದ್ದ. ಇವರು ಕೆಮ್ಮಿದರು, ಅವನು ಏರಿಸಿದ. ಒಂದು ಹಂತದಲ್ಲಿ ಅವನು ಕೈ ಕೆಳಗಿಟ್ಟ, ಇವರು ಮತ್ತೆ ಕೆಮ್ಮಿದರು. ಸುಳ್ಳು ಸವಾಲಿನವನ ಮೇಲೆ ಮಾಲು ನಿಂತರೆ ಅದಕ್ಕೂ ಒಂದು ಉಪಾಯವಿತ್ತು. ಏನೋ ನೆಪ ಹೇಳಿ ಹಿಂದೆ ಸರಿಯಬೇಕು, ಮಾಲು ಹಿಂದಿನ ಬೆಲೆಗೆ ನಿಜವಾದವನಿಗೆ ಹೋಗುತ್ತದೆ. ಪಂಪಣ್ಣ ಕಣ್ಣಲ್ಲೇ ಸನ್ನೆ ಮಾಡಿದನಂತೆ. ಇವರು ಸರಿಯಲಿಲ್ಲ. ಮೂರನೇ ಸಲ ಕೂಗಿ ಆಯಿತು, ಕಾರು ಇವರ ಮೇಲೆ ನಿಂತಿತು.

"ಏನಾಗಿತ್ರೀ ನಿಮಗ?" ಎಂದು ನಾನು ಅತ್ತು ಕರೆದು ಕೇಳಿದ್ದಕ್ಕೆ ಅವರು ತಲೆ ತಗ್ಗಿಸಿ, "ಇಷ್ಟು ವರ್ಷ ಸುಳ್ಳು ಸವಾಲೇ ಮಾಡೀನಿ. ಅವತ್ತೊಂದು ಖರೇ ಆಗಿಬಿಡ್ತು" ಎಂದರು. ಎರಡು ಸುಗ್ಗಿ ಕಳೆಯುವ ತನಕ ನಾನು ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಯಾವಾಗಲೋ ಎಣ್ಣೆ ಬಾಟಲಿಯನ್ನು ನಾನೇ ಕೈಗೆ ಕೊಡತೊಡಗಿದೆ. ಸಿಟ್ಟು ಹೋಗುವುದು ಹೀಗೇ, ಹೇಳಿ ಹೋಗುವುದಿಲ್ಲ.

ಅವರು ಹೋದ ಮೇಲೆ ಕಾರು ನಿಂತಲ್ಲೇ ನಿಂತಿತು. ನನಗೆ ಓಡಿಸಲು ಬಾರದು. ಸೀಟಿನೊಳಗೆ ಇಲಿ ಮನೆ ಮಾಡಿತು. ಪಂಪಣ್ಣ ಬಂದು ಚಹಾ ಕುಡಿದು, "ಅಕ್ಕಾ, ಸವಾಲಿಗೆ ಇಡೂನು. ನಮ್ಮಾವ ಒಬ್ಬನ್ನ ಕುಂದ್ರಸ್ತೀನಿ. ಅಣ್ಣನ ಕಾರು, ಅಣ್ಣನ ಹೆಸರಿಗೆ ತಕ್ಕಂಗ ಏರಬೇಕು" ಎಂದ. ನಾನು ಹೂಂ ಎಂದೆ. ದುಃಖದಲ್ಲಿ ಮನುಷ್ಯರು ಎಷ್ಟಕ್ಕೆ ಹೂಂ ಎನ್ನುತ್ತಾರೋ.

ಸವಾಲಿನ ಮುಂಚೆ ಕಾರು ನೋಡಲು ಕುರುಗೋಡಿನಿಂದ ದೊಡ್ಡಬಸವ ಎಂಬ ಫೋಟೊ ಸ್ಟುಡಿಯೋದವನು ಹೆಂಡತಿ ಮಂಜುಳಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ. ಈಗ ಮದುವೆಗೆ ಮುಂಚೆ ಹುಡುಗ ಹುಡುಗಿಯ ಫೋಟೊ ತೆಗೆಯಲು ಹಳೆಯ ಕಾರು ಬೇಕಂತೆ. ಅವನು ಕಾರಿನ ಸುತ್ತ ತಿರುಗಿ, ದೀಪದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ.

"ಮದಿವ್ಯಾಗ ನನ್ನ ಮಾರೀನೂ ಇಷ್ಟು ನೋಡಿದ್ದಿಲ್ರೀ ಇವ್ರು" ಎಂದಳು ಮಂಜುಳಾ.

"ಅಮ್ಮಾರ, ಸ್ಟುಡಿಯೋ ಅಡಾ ಇಟ್ಟಾದ್ರೂ ತಗಂತೀನ್ರಿ" ಎಂದ ಅವನು. ಮಾರುವವಳ ಮುಂದೆ ಹೀಗೆ ಹೇಳಬಾರದು ಎನ್ನುವಷ್ಟೂ ತಿಳಿಯದವನು.

ಸವಾಲಿನ ದಿನ ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಎರಡನೆಯ ಸಾಲಿನಲ್ಲಿ ನಮ್ಮವರ ಜಾಗದಲ್ಲಿ ಬಿಳಿ ಅಂಗಿಯ ಹೊಸಬನಿದ್ದ. ಪಂಪಣ್ಣ ಬೆಲೆ ಕೂಗಿದ, ದೊಡ್ಡಬಸವ ಕೈ ಎತ್ತಿದ. ಆಗ ಆ ಹೊಸಬ ಕೆಮ್ಮಿದ.

ನಮ್ಮವರು ಮನೆಯಲ್ಲಿ ನನಗೆ ಕೆಮ್ಮಿ ತೋರಿಸುತ್ತಿದ್ದ ಅದೇ ಕೆಮ್ಮು. ಪಂಪಣ್ಣ ಅದನ್ನೂ ಕಲಿಸಿದ್ದ. ವರ್ಷವಾಗುತ್ತ ಬಂದಿತ್ತು ನಾನು ಆ ಸದ್ದು ಕೇಳಿ. ಮತ್ತೆ ಕೆಮ್ಮು, ಮತ್ತೆ ದೊಡ್ಡಬಸವನ ಕೈ. ಮಂಜುಳಾ ಅವನ ಅಂಗಿಯನ್ನು ಹಿಂದಿನಿಂದ ಜಗ್ಗುತ್ತಿದ್ದಳು, ಅವನಿಗೆ ಅದು ಗೊತ್ತಾಗುತ್ತಿರಲಿಲ್ಲ. ಸ್ಟುಡಿಯೋ ಹೋಗುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಎದ್ದು ನಿಂತು ಇವನು ಸುಳ್ಳು ಮನುಷ್ಯ ಎಂದುಬಿಡಬಹುದಿತ್ತು. ಆದರೆ ಮರುಕ್ಷಣ ಯಾರಾದರೂ, ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತವರು ಯಾರಮ್ಮಾ ಎಂದು ಕೇಳುತ್ತಿದ್ದರು. ಸತ್ತವರು ಎದ್ದು ಬಂದು ಉತ್ತರ ಹೇಳುವುದಿಲ್ಲ. ಸುಮ್ಮನಿದ್ದರೆ ಒಂದು ಸಂಸಾರ ಮುಳುಗುತ್ತದೆ, ಬಾಯಿ ಬಿಟ್ಟರೆ ನಮ್ಮವರ ಹೆಸರು.

ಪಂಪಣ್ಣ ಎರಡನೇ ಸಲ ಎನ್ನುವಾಗ ಎದ್ದೆ. ಮೂರನೇ ಸಲಕ್ಕೆ ಮೊದಲು ಒಡೆಯರು ಮಾಲು ವಾಪಸ್ ತೆಗೆದುಕೊಳ್ಳಬಹುದು, ಅದು ಅವನದೇ ನಿಯಮ.

"ಪಂಪಣ್ಣ, ಕಾರು ನಾ ಹಿಂದಕ್ಕ ತಗಂಡೀನಿ. ನಿನ್ನ ಕಮಿಷನ್ ನಿನಗ ಮುಟ್ಟತೈತಿ."

"ಅಕ್ಕಾ, ಇನ್ನೂ ಏರತಿತ್ತು!"

"ಏರೂದು ನನಗ ತೋರಸಬ್ಯಾಡಪ. ಅದರಾಗ ಅನ್ನ ಉಂಡಾಕಿ ಅದೀನಿ."

ದೊಡ್ಡಬಸವ ಅಳುವ ಮುಖ ಮಾಡಿಕೊಂಡು ನಿಂತಿದ್ದ. ನಾನು ಮಂಜುಳಾಳನ್ನು ಬೇವಿನ ಮರದ ನೆರಳಿಗೆ ಕರೆದೆ. ನಮ್ಮ ಅಪ್ಪ ಸಂತೆಯಲ್ಲಿ ಎತ್ತು ಕೊಳ್ಳುವಾಗ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರ ಕೈಯ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಕೇಳುವುದು, ಬೆರಳು ಮಡಚಿ ಹೇಳುವುದು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತಿತ್ತು. ಅಲ್ಲಿ ಮೂರನೆಯವನು ಬಾಯಿ ಹಾಕುವಂತಿಲ್ಲ, ಕೆಮ್ಮುವಂತೆಯೂ ಇಲ್ಲ.

ಟವೆಲ್ ಇರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಇಬ್ಬರ ಕೈ ಮುಚ್ಚಿದೆ. ಮಂಜುಳಾ ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಸಣ್ಣಗೆ ನಕ್ಕಳು. "ನಮ್ಮಪ್ಪನೂ ಎತ್ತಿನ ವ್ಯಾಪಾರದಾವನೇ ರೀ ಅಮ್ಮಾರ" ಎಂದು ನನ್ನ ಬೆರಳುಗಳಲ್ಲಿ ಒಂದನ್ನು ಮಡಚಿದಳು, ಅಷ್ಟು ಇಳಿಸಿ ಎಂದು. ನಾನು ಮತ್ತೆ ಬಿಚ್ಚಿದೆ. ಅವಳು ಅರ್ಧ ಬೆರಳು ಒತ್ತಿದಳು. ದೊಡ್ಡಬಸವ ದೂರದಲ್ಲಿ ನಿಂತು, "ಏನ್ ನಡಸೀರಿ? ನನಗೂ ಹೇಳ್ರಿ" ಎನ್ನುತ್ತಿದ್ದ. "ನೀ ಸುಮ್ಮನಿರು, ನಿನ್ನ ಕೈ ಸಾಕಷ್ಟು ಎತ್ತಿದ್ದಾತು" ಎಂದಳು. ವ್ಯಾಪಾರ ಕುದುರಿತು.

ಆ ಬೆಲೆ ಊರಿಗೆ ಗೊತ್ತಿಲ್ಲ. ಗಾಂಧಿನಗರದ ಕಿರಾಣಿ ಅಂಗಡಿಯವನು ಒಂದು ಮೊತ್ತ ಹೇಳಿದ, ಹಾಲಿನವನು ಅದಕ್ಕಿಂತ ಹೆಚ್ಚು ಹೇಳಿದ. ನಿನ್ನೆ ಸರೋಜಮ್ಮ ಹೇಳಿದ್ದು ಕೇಳಿದರೆ ಇಡೀ ಕರೂರನ್ನೇ ಕೊಳ್ಳಬಹುದು. ಯಾರೂ ಸಂಬಳ ಕೊಡದಿದ್ದರೂ ಊರೇ ಸವಾಲು ಏರಿಸುತ್ತಿದೆ. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಳಗೆ ಬಂದು ನಕ್ಕೆ, ಬಹಳ ದಿನದ ಮೇಲೆ.

ಇಷ್ಟು ವರ್ಷ ಸಂಜೆ ಅವರು ಬಂದು ಯಾವುದು ಎಷ್ಟಕ್ಕೆ ಹೋಯಿತೆಂದು ಹೇಳುತ್ತಿದ್ದರು, ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಈ ಒಂದು ಬೆಲೆಯನ್ನು ನಾನು ಹೇಳಬೇಕಿತ್ತು. ನಿನ್ನೆ ದೀಪ ಹಚ್ಚಿದ ಮೇಲೆ ಅವರ ಫೋಟೊದ ಮುಂದೆ ನಿಂತು, ಸೆರಗಿನೊಳಗೆ ಬೆರಳು ಮಡಚಿ ಹೇಳಿದೆ. ಕಡಿಮೆಯಾಯಿತು ಎಂದಿರುತ್ತಾರೆ. ಅನ್ನಲಿ. ಮಾರಿದವಳು ನಾನು.