ರೋಗದಲ್ಲಿ ನನಗಿಂತ ಹಿರಿಯಳು

ತೋಡಾರಿನಲ್ಲಿ ನಮ್ಮ ಎರಡು ಮನೆಗಳ ನಡುವಿನ ಮುರಕಲ್ಲಿನ ಗೋಡೆ ನನ್ನ ಭುಜದ ಮಟ್ಟಕ್ಕಿತ್ತು. ಪಕ್ಕದ ಮನೆಯಾಕೆ ತುದಿಗಾಲಿನಲ್ಲಿ ನಿಂತರೆ ಅವಳ ಗಲ್ಲ ಮಾತ್ರ ಅದರ ಮೇಲೆ ಊರುತ್ತಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಅವಳಿಗೆ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್, ಅಂಟಿಕೊಂಡಿತ್ತು. ರೋಗವೂ ಅದಕ್ಕೆ ನುಂಗಿದ ಸ್ಟಿರಾಯ್ಡ್ ಮಾತ್ರೆಗಳೂ ಸೇರಿ ಅವಳ ಎತ್ತರವನ್ನು ಅಲ್ಲಿಗೇ ನಿಲ್ಲಿಸಿದ್ದವು.

ನನಗೆ ಅದೇ ಕಾಯಿಲೆ ಬಂದದ್ದು ಅರವತ್ತೆಂಟರಲ್ಲಿ, ಗಣಿತದ ಅಧ್ಯಾಪಿಕೆಯಾಗಿ ನಿವೃತ್ತಳಾಗಿ ಬಹುಕಾಲ ಕಳೆದ ಮೇಲೆ. ಮೊದಲು ನೋಡಿದ ವೈದ್ಯರು ತಲೆಯನ್ನೂ ಎತ್ತದೆ, "ಪ್ರಾಯ ಆಯ್ತಲ್ಲ ಅಮ್ಮ, ಮೂಲವ್ಯಾಧಿ" ಎಂದು ಮುಲಾಮು ಬರೆದುಕೊಟ್ಟರು. ಅವರು ಆಗ ಫೋನಿನಲ್ಲಿ ಕ್ರಿಕೆಟ್ಟು ನೋಡುತ್ತಿದ್ದರೆಂಬುದನ್ನು ನಾನು ಮರೆತಿಲ್ಲ. ಬೆಳ್ತಂಗಡಿಯಲ್ಲಿ ತಮ್ಮನ ಹೊಸ ಮನೆಯ ಗೃಹಪ್ರವೇಶದಲ್ಲಿ ಊಟಕ್ಕೆ ಕೂರದೆ ಹೊರಟಾಗ, ನಮ್ಮ ಮನೆಯ ಅಡುಗೆ ಟೀಚರಿಗೆ ಸೇರುವುದಿಲ್ಲ ಎಂದು ಅವನ ಹೆಂಡತಿ ಪಂಕ್ತಿಗೆಲ್ಲ ಕೇಳುವಂತೆ ಹೇಳಿದಳು. ಅದನ್ನೂ ಮರೆತಿಲ್ಲ.

ನಾನು ಯಾರಿಗೂ ಹೇಳದಿದ್ದುದನ್ನು ಕಂಡುಹಿಡಿದವಳು ಪಕ್ಕದ ಮನೆಯಾಕೆ. ದಿನವೂ ನನ್ನ ಹಾಸಿಗೆಬಟ್ಟೆ ಒಣಗುವುದನ್ನು ಗಮನಿಸಿ ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ನೇರವಾಗಿ ಕೇಳಿದಳು: "ಟೀಚರೇ, ರಕ್ತ ಹೋಗ್ತಾ ಉಂಟಾ?"

ನನಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಚಿಕ್ಕವಳು ಇಂಥ ಪ್ರಶ್ನೆ ಕೇಳುವುದೇ! ಒದ್ದೆ ಬಟ್ಟೆಯನ್ನೇ ಎಳೆದುಕೊಂಡು ಒಳಗೆ ಹೋದೆ. ಮಧ್ಯಾಹ್ನ ಪಾತ್ರೆಯೊಂದನ್ನು ಹಿಡಿದು ಅವಳೇ ಬಂದಳು. ನಮ್ಮಲ್ಲಿ ಹೊಟ್ಟೆ ಕೆಟ್ಟವರಿಗೆಲ್ಲ ಕುಚ್ಚಲಕ್ಕಿಯ ಗಂಜಿಯೇ ಔಷಧ. ಅವಳು ತಂದದ್ದು ಹುಣ್ಣಾದ ಕರುಳಿಗೆ ಒರಟಾಗದ ಬಿಳಿಯ ಬೆಳ್ತಿಗೆ ಅಕ್ಕಿಯನ್ನು ಕರಗುವಷ್ಟು ಬೇಯಿಸಿದ ಗಂಜಿ.

"ಹನ್ನೊಂದರಲ್ಲಿ ಬಂದ್ರೆ ಶಾಲೆ ತಪ್ಪಿಸ್ಲಿಕ್ಕೆ ನಾಟಕ ಅಂತ ಹೇಳ್ತಾರೆ. ನಿಮ್ಮ ಪ್ರಾಯದಲ್ಲಿ ಬಂದ್ರೆ ಪ್ರಾಯದ್ದೇ ತಪ್ಪು. ಕಾಯಿಲೆ ಅಂತ ಹೇಳ್ಲಿಕ್ಕೆ ಯಾರಿಗೂ ಬಾಯಿ ಬರುವುದಿಲ್ಲ," ಎಂದು ಪಾತ್ರೆಯನ್ನು ನನ್ನ ಮುಂದೆ ಸರಿಸಿದಳು. "ಇದರಲ್ಲಿ ನಾನು ನಿಮಗೆ ಅಕ್ಕ. ಉಣ್ಣಿ."

ಉಂಡೆ. ಮಂಗಳೂರಿನ ತನ್ನ ವೈದ್ಯರಲ್ಲಿಗೆ ಅವಳೇ ನನ್ನನ್ನು ಕರೆದೊಯ್ದು, ಈ ರೋಗದಲ್ಲಿ ಇವರ ಅಕ್ಕ ನಾನು ಎಂದು ಹೇಳಿಕೊಂಡಳು. ಕರುಳಿನ ಕೊನೆಯ ಭಾಗದಲ್ಲಷ್ಟೇ ಹುಣ್ಣಿದೆ, ತಡವಾಗಿ ಬಂದದ್ದು ಹಲವರಲ್ಲಿ ಅಲ್ಲಿಗೇ ನಿಲ್ಲುತ್ತದೆ, ಆದರೆ ಈ ವಯಸ್ಸಿನ ಮೂಳೆಗೂ ಸಕ್ಕರೆಗೂ ಸ್ಟಿರಾಯ್ಡ್ ಒಳ್ಳೆಯದಲ್ಲ ಎಂದು ಅವರು ವಿವರಿಸಿದರು. ಅವಳದು ಎಳವೆಯಲ್ಲೇ ಕರುಳನ್ನೆಲ್ಲ ವ್ಯಾಪಿಸಿದ್ದ ರೋಗ.

ಅವಳ ಗಂಡ ಗಲ್ಫಿನ ದಮಾಮಿನಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಅತ್ತೆ, ಬಂದುಹೋಗುವ ನಾದಿನಿಯರು. ಉಪವಾಸದ ತಿಂಗಳಿನಲ್ಲಿ ಕಾಯಿಲೆ ಕೆರಳಿದರೆ ಅವಳು ಹಗಲು ಉಣ್ಣಲೇಬೇಕಿತ್ತು. ರೋಗಿಗಳಿಗೆ ವಿನಾಯಿತಿ ಉಂಟೆಂದು ಮಸೀದಿಯ ಉಸ್ತಾದರೇ ಹೇಳಿದ್ದರೂ ನಾದಿನಿಯೊಬ್ಬಳು, ನೋಡಲಿಕ್ಕೆ ಚೆನ್ನಾಗಿಯೇ ಇದ್ದಾಳಲ್ಲ ಎಂದು ನಗುತ್ತಿದ್ದಳು. "ದೇವರು ಬಿಟ್ಟಿದ್ದಾರೆ ಟೀಚರೇ, ಜನ ಬಿಡುವುದಿಲ್ಲ," ಎಂದು ಅವಳು ನನ್ನ ಅಡುಗೆಮನೆಯಲ್ಲಿ ಕುಳಿತು ಉಣ್ಣುತ್ತಿದ್ದಳು. ಆ ತಿಂಗಳು ನಾನೂ ಅವಳ ಹೊತ್ತಿಗೇ ಉಣ್ಣುತ್ತಿದ್ದೆ. ನಾದಿನಿಯ ವಿಷಯದಲ್ಲಿ ನಾನು ಕೆರಳಿದಾಗಲೆಲ್ಲ, "ನಿಮಗೆ ಸಿಟ್ಟು ಬಂತಲ್ಲ, ನನ್ನದು ಇಳಿಯಿತು," ಎಂದು ಉಪ್ಪಿನಕಾಯಿಯ ಭರಣಿಗೆ ಕೈ ನೀಡುವಳು. ನಾನು ಭರಣಿಯನ್ನು ದೂರ ಸರಿಸುವೆನು.

ಅವಳಿಗೆ ಒಂದೇ ಒಂದು ವಿಚಾರವನ್ನು ಒಪ್ಪಿಸಲಾಗುತ್ತಿರಲಿಲ್ಲ. ಕರುಳಿನೊಳಗೆ ಕ್ಯಾಮರಾ ಇಳಿಸಿ ನೋಡುವ ಪರೀಕ್ಷೆಯನ್ನು ಆಗಾಗ ಮಾಡಿಸಲೇಬೇಕೆಂದು ವೈದ್ಯರು ಹೇಳಿದ್ದರು. ಕೆಲವು ವರ್ಷ ನೋವಿಲ್ಲದೆ ಕಳೆದದ್ದರಿಂದ ಅವಳು ಅದನ್ನು ಮುಂದೂಡುತ್ತಲೇ ಬಂದಳು. "ನಿಮ್ಮದು ಹೊಸತು, ನೋಡಬೇಕು. ನನ್ನದು ಹಳೇ ನಾಯಿ, ಮಲಗಿದೆ. ಯಾಕೆ ಎಬ್ಬಿಸುವುದು?" ಎನ್ನುತ್ತಿದ್ದಳು. ಹಳೆಯದಾದಷ್ಟೂ ಕ್ಯಾನ್ಸರಿಗೆ ತಿರುಗುವ ಭಯ ಹೆಚ್ಚೆಂಬ ವೈದ್ಯರ ಮಾತನ್ನು, ಹೆದರಿಸಲು ಹೇಳುವುದೆಂದೇ ಬಗೆದಿದ್ದಳು. ಕೊನೆಗೆ ನಾನು, ನೀನು ಮಾಡಿಸದಿದ್ದರೆ ನಾನೂ ಮಾಡಿಸುವುದಿಲ್ಲ ಎಂದು ಹಟ ಹಿಡಿದೆ.

"ಹಾಗಾದರೆ ಒಟ್ಟಿಗೆ ಕುಡಿಯುವ," ಎಂದಳು. ಕರುಳನ್ನು ತೊಳೆಯುವ ಆ ಉಪ್ಪುಪ್ಪು ನೀರನ್ನು ಇಬ್ಬರೂ ಗೋಡೆಯ ಆಚೆ ಈಚೆ ನಿಂತು, ಲೋಟಕ್ಕೆ ಲೋಟ ತಾಗಿಸಿ ಕುಡಿದೆವು. ನಡುನಡುವೆ ಒಬ್ಬರಿಗೊಬ್ಬರು ಹೇಳದೆಯೇ ಓಡಿದೆವು. ಅಷ್ಟು ನಕ್ಕದ್ದು ನನ್ನ ಬದುಕಿನಲ್ಲಿ ಕಡಿಮೆ.

ನನ್ನ ಕರುಳು ಶಾಂತವಾಗಿತ್ತು. ಅವಳದರಲ್ಲಿ ಗಡ್ಡೆ ಸಿಕ್ಕಿತು. ದೊಡ್ಡ ಕರುಳನ್ನೇ ತೆಗೆದರು. ಅಷ್ಟರಲ್ಲಿ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿತ್ತು. ಮರುವರ್ಷದ ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು. ಕೊನೆಯ ಸಲ ನೋಡಲು ಹೋದಾಗ, ಮಾತ್ರೆ ತಪ್ಪಿಸಬಾರದೆಂದು ನನಗೇ ಎಚ್ಚರಿಕೆ ಹೇಳಿದಳು. ಅವಳು ಹೋದ ದಿನ ಅಂಗಳದಲ್ಲಿ ಆ ನಾದಿನಿ, "ಸಣ್ಣದರಿಂದಲೂ ರೋಗಿಯೇ, ಬಿಡುಗಡೆ ಆಯಿತು," ಎಂದಳು. ಬದುಕಬೇಕೆಂದು ಅವಳು ಎಷ್ಟು ಆಸೆಪಟ್ಟಿದ್ದಳೆಂಬುದನ್ನು ನಾನು ಆಕೆಗೆ ನಾಲ್ಕು ಜನರ ಮುಂದೆಯೇ ತಿಳಿಸಿದೆ.

ಕಳೆದ ತಿಂಗಳು ನನ್ನ ವರದಿಯನ್ನು ನೋಡಿದ ಮಂಗಳೂರಿನ ಅದೇ ವೈದ್ಯರು, "ತಡವಾಗಿ ಬಂದದ್ದು ನಿಮ್ಮ ಅದೃಷ್ಟ ಟೀಚರ್," ಎಂದರು. ಅವರನ್ನೂ ಕ್ಷಮಿಸದವರ ಸಾಲಿಗೆ ಸೇರಿಸಿ ಎದ್ದೆ. ನಾನು ಬಾಗಿಲ ಬಳಿ ತಲುಪಿದಾಗ ಅವರು ಮೆಲ್ಲಗೆ, "ನಿಮ್ಮ ಅಕ್ಕನ ನೆನಪಾಗ್ತದೆ ನನಗೂ," ಎಂದರು. ಹಿಂದಿರುಗಿ ಬಂದು ಕುಳಿತೆ. ಹೊರಗೆ ಮುಂದಿನ ರೋಗಿ ಕಾಯುತ್ತಿದ್ದರು. ಕಾಯಲಿ ಎಂದು ವೈದ್ಯರು ಎದ್ದು ಬಾಗಿಲು ಮುಚ್ಚಿದರು.