'ವಧು' ಎಂಬ ಸೆಟ್ಟಿಂಗ್

ಫಾರೋ ಊರಿಗೆ ಬಂದ ಮರುದಿನ ಬಸ್ ನಿಲ್ದಾಣದ ಜಾಹೀರಾತಿನ ಮುಂದೆ ನಿಂತು, ಇವರು ಇದನ್ನು ತಿರುವುಮುರುವಾಗಿ ಅಂಟಿಸಿದ್ದಾರೆ ಎಂದುಕೊಂಡೆ. ಎಡಕ್ಕೆ ಬಿಳಿಯ ಹುಡುಗಿ, ಮುಖ ಸಪ್ಪಗೆ. ಬಲಕ್ಕೆ ಅದೇ ಹುಡುಗಿ ಕಂದು ಬಣ್ಣಕ್ಕೆ ತಿರುಗಿ ನಗುತ್ತಿದ್ದಾಳೆ. ನಡುವೆ ಒಂದು ಬಾಟಲಿ. ನಮ್ಮ ಇಂಡಿ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಗು ಯಾವಾಗಲೂ ಬಿಳುಪಿನ ಕಡೆಗೆ. ಪೋರ್ಚುಗಲ್ಲಿನ ಈ ಕಡಲೂರಿನಲ್ಲಿ ಜನ ಎಣ್ಣೆ ಹಚ್ಚಿಕೊಂಡು ನಡುಮಧ್ಯಾಹ್ನ ಮರಳಿನ ಮೇಲೆ ಮಲಗುತ್ತಾರೆ. ಹಾಗೆ ಬಿಸಿಲು ಕಾಯಿಸಿಕೊಂಡು ಪಡೆದ ಬಣ್ಣಕ್ಕೆ 'ಬ್ರೊಂಜಿಯಾದು' ಎನ್ನುತ್ತಾರೆ. ನಮ್ಮಲ್ಲಿ ಅದೇ ಹೊತ್ತಿಗೆ ಹೊಲಕ್ಕೆ ಬುತ್ತಿ ಒಯ್ಯುವ ಹೆಣ್ಣುಮಗಳು ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಾಳೆ.

ಇಂಡಿ ಊರಿನ ಫೋಟೋ ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ನಾನು ಮುಖ ಬೆಳ್ಳಗೆ ಮಾಡಿದವನು. ವರನ ಕಡೆಗೆ ಕಳಿಸುವ ಫೋಟೋ ಎಂದರೆ ಯಾರೂ ಹೇಳಬೇಕಾಗಿಯೇ ಇರಲಿಲ್ಲ. ಕಂಪ್ಯೂಟರಿನಲ್ಲಿ 'ವಧು' ಎಂಬ ಹೆಸರಿನ ಸೆಟ್ಟಿಂಗ್ ಮಾಡಿಟ್ಟಿದ್ದೆ. ಒಮ್ಮೆ ಒತ್ತಿದರೆ ಪಕ್ಕದ ಹಳ್ಳಿ ಅಗರಖೇಡದ ಹುಡುಗಿ ಟಿವಿಯ ಸೋಪಿನ ಜಾಹೀರಾತಿನ ಹುಡುಗಿ ಆಗುತ್ತಿದ್ದಳು. ಗಲ್ಲದ ಗುಲಾಬಿ ಹೊಳಪು ಎಡಗಿವಿಯ ಹಾಲೆಗೂ ಸ್ವಲ್ಪ ಹರಡುತ್ತಿತ್ತು. ಅದೊಂದನ್ನು ನಾನು ತಿದ್ದಲೇ ಇಲ್ಲ, ಯಾರು ನೋಡುತ್ತಾರೆ ಎಂದು. ಆ ಸೆಟ್ಟಿಂಗಿನ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಅಕ್ಕನ ದೊಡ್ಡ ಮಗಳು ಮಹಾದೇವಿಯ ಫೋಟೋಗೂ ಅದನ್ನೇ ಒತ್ತಿದೆ. ಮನಗೂಳಿಯಿಂದ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಅವಳ ಎದುರಿಗೇ ಕೇಳಿದರು: "ಫೋಟೋದಾಗಿನ ಹುಡುಗಿ ಎಲ್ಲಿ ಅದಾಳ್ರಿ?" ಮಹಾದೇವಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಮಸೂತಿ ಎಂಬ ಊರಿನ ಹುಡುಗನೊಂದಿಗೆ ಅವಳ ಮದುವೆಯಾಯಿತು, ಆದರೆ ಇಂದಿಗೂ ಫೋಟೋ ತೆಗೆಸಿಕೊಳ್ಳುವುದಿಲ್ಲ.

ಫಾರೋದಲ್ಲೂ ನನಗೆ ಸ್ಟುಡಿಯೋ ಕೆಲಸವೇ ಸಿಕ್ಕಿತು. ಮೊದಲ ವಾರವೇ ತೆರೇಜಾ ಎಂಬ ಗಿರಾಕಿಯ ಮುಖವನ್ನು ರೂಢಿಯ ಮೇಲೆ ಬೆಳ್ಳಗೆ ಮಾಡಿಬಿಟ್ಟೆ. ಹದಿನೈದು ದಿನ ಬಿಸಿಲಲ್ಲಿ ಬಿದ್ದು ಗಳಿಸಿದ ಬಣ್ಣ ಎಲ್ಲಿ ಹೋಯಿತು ಎಂದು ಆಕೆ ಕೇಳಿದಳು. ಮಾಲೀಕ ಬೈದು, ಮತ್ತೆ ಮಾಡಿಸಿದ. ಹಾಗಂತ ಇಲ್ಲಿ ಕಪ್ಪಿಗೆ ಮಣೆ ಹಾಕುತ್ತಾರೆ ಎಂದುಕೊಳ್ಳಬೇಡಿ. ಫೋನಿನಲ್ಲಿ ಖಾಲಿ ಇದ್ದ ಮೂರು ಬಾಡಿಗೆ ಮನೆಗಳು ನನ್ನ ಮುಖ ಕಂಡೊಡನೆ ತುಂಬಿಹೋಗಿದ್ದವು. ಕೊಂಡುಕೊಂಡ ಕಂದು ಬೇರೆ, ಹುಟ್ಟಿನ ಕಂದು ಬೇರೆ.

ಹೋದ ತಿಂಗಳು ಅಕ್ಕನ ಫೋನ್ ಬಂತು.

"ತಮ್ಮಾ, ಸವಿತಾಂದು ಫೋಟೋ ಕಳಿಸೇನಿ. ಸ್ವಲ್ಪ ಬೆಳ್ಳಗ ಮಾಡು." ಸವಿತಾ ಅವಳ ಕಿರಿಯ ಮಗಳು.

"ಅಕ್ಕಾ, ಮಹಾದೇವಿಗೆ ಏನಂದ್ರು ಮರತೀಯೇನ?"

"ಮರತಿಲ್ಲ. ಬೆಳ್ಳಗ ಮಾಡಿದ್ದಕ್ಕ ಮನೀತನಕಾದ್ರೂ ಬಂದ್ರು. ನಿಂದೇನೈತಿ, ಅಲ್ಲಿ ಕುಂತು ಹೇಳತಿ. ಕೂಸು ಇಲ್ಲೈತಿ."

ಹಿಂದಿನಿಂದ ಸವಿತಾಳ ದನಿ ಕೇಳಿತು. "ಮಾಮಾ, ನನ್ನ ಫೋಟೋ ನನ್ನಂಗ ಇರ್ಲಿರಿ. ಬಂದವ್ರು ನನ್ನ ಮುಂದ ನಿಂತು ನನ್ನ ಹುಡುಕೋದು ಬ್ಯಾಡ."

ಮೂಗಿನ ಕೆಳಗಿನ ನೆರಳೊಂದನ್ನು ತಿದ್ದಿ, ಬಣ್ಣ ಮುಟ್ಟದೆ ಕಳಿಸಿದೆ. ಮನಸ್ಸು ಹಗುರಾಯಿತು.

ವಾರದ ಮೇಲೆ ಸವಿತಾ ತನ್ನ ಮದುವೆಯ ಬಯೋಡಾಟಾಕ್ಕೆ ಹಾಕಿದ ಚಿತ್ರ ಕಳಿಸಿದಳು. ಅಕ್ಕ ಅದನ್ನು ನನ್ನ ಹಳೆಯ ಸ್ಟುಡಿಯೋದಲ್ಲಿ ಮಾಡಿಸಿದ್ದಳು. ಮುಖ ಬೆಳ್ಳಗಾಗಿತ್ತು, ಎಡಗಿವಿಯ ಹಾಲೆ ಗುಲಾಬಿಯಾಗಿತ್ತು. ಊರು ಬಿಟ್ಟು ಆರು ವರ್ಷವಾದರೂ ನನ್ನ ಕೈ ಅಲ್ಲಿ ಕೆಲಸ ಮಾಡುತ್ತಲೇ ಇದೆ.

ಚಿತ್ರದ ಕೆಳಗೆ ಅವಳು ಬರೆದಿದ್ದಳು: "ಮಾಮಾ, ಇದು ನೀವು ಮಾಡಿದ್ದಲ್ಲ ಅಂತ ನನಗ ಗೊತ್ತೈತಿ."