ಸ್ಟೇಷನ್ ರಸ್ತೆ ದಾಟಿಸುವ ನೋರ್ಬರ್ಟ್

2025ರ ಆಗಸ್ಟ್ 12, ಮಂಗಳವಾರ, ಬೆಳಗಿನ 6 ಗಂಟೆ 20 ನಿಮಿಷ. ಮೆಲ್ಬರ್ನಿನ ಪಶ್ಚಿಮ ಅಂಚಿನಲ್ಲಿ, ಟಾರ್ನೀಟ್‌ ದಾಟಿದ ಮೇಲೆ ಸಿಗುವ ಒಂದು ಹೊಸ ಎಸ್ಟೇಟ್, ಅಂದರೆ ಮನೆಗಳ ಬಡಾವಣೆ. ಉಷ್ಣಾಂಶ ನಾಲ್ಕು ಡಿಗ್ರಿ. ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲು ಗಂಟೆ ಇದೆ. ಮನೆಗಳ ಸಾಲು ಮುಗಿದು ದೊಡ್ಡ ರಸ್ತೆ ಎದುರಾಗುವ ಕಡೆ, ಹಳದಿ ಜಾಕೆಟ್ ತೊಟ್ಟ ಒಬ್ಬರು ಎರಡೂ ಕೈ ಅಗಲಿಸಿ ನಿಂತಿದ್ದಾರೆ. ಕೈ ಅಡ್ಡ ಹಿಡಿದಿರುವುದು ಕಾರುಗಳಿಗಲ್ಲ, ಸ್ಟೇಷನ್ನಿಗೆ ಹೊರಟ ಜನರಿಗೆ.

"ಅಂಕಲ್, ಬಿಡಿ ಪ್ಲೀಸ್, ಟ್ರೈನ್ ಹೋಗ್ಬಿಡತ್ತೆ" ಎಂದು ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹೊತ್ತ ಯುವಕನೊಬ್ಬ ಗೋಗರೆಯುತ್ತಾನೆ.

"ಟ್ರೈನ್ ಇಪ್ಪತ್ತು ನಿಮಿಷಕ್ಕೆ ಇನ್ನೊಂದು ಬರ್ತದೆ ಮಾರಾಯ. ನೀನು ಹೋದರೆ ಇನ್ನೊಬ್ಬ ಬರ್ತಾನಾ?"

ಎಂಟು ಜನ ಒಟ್ಟಾಗುತ್ತಾರೆ. ಎರಡೂ ದಿಕ್ಕು ನೋಡಿ, ಟಾರ್ಚಿನ ಬೆಳಕನ್ನು ನೆಲಕ್ಕೆ ಬಿಟ್ಟು, ಅವರು ದನಿ ಏರಿಸುತ್ತಾರೆ: "ರೈಟ್, ರೈಟ್!" ಗುಂಪು ಹದಿನಾರು ಮೀಟರ್ ಅಗಲದ ರಸ್ತೆಯನ್ನು ಒಂದೇ ಉಸಿರಿಗೆ ದಾಟುತ್ತದೆ.

ಇವರು ನೋರ್ಬರ್ಟ್ ಲೋಬೊ. ವಯಸ್ಸು ಅರವತ್ತೊಂದು. ಊರು ಕಿನ್ನಿಗೋಳಿ. ಮಂಗಳೂರಿನ ಖಾಸಗಿ ಬಸ್ಸಿನಲ್ಲಿ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದವರು. ಹೆಂಡತಿ ಇಡಾ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್. ಅವರ ಕೆಲಸದ ವೀಸಾದ ಮೇಲೆ 2009ರಲ್ಲಿ ಸಂಸಾರ ಇಲ್ಲಿಗೆ ಬಂತು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ ನೋರ್ಬರ್ಟ್ ಅವರ ಬೆನ್ನು ಆರು ವರ್ಷದ ಹಿಂದೆ ಸೋತಿತು. ಈಗ ಎಸ್ಟೇಟಿನ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ. ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನ ಮುಕ್ಕಾಲು ಗಂಟೆ. ಮಕ್ಕಳಿಗೆ ಅವರು 'ಲಾಲಿಪಾಪ್ ಅಂಕಲ್'.

ಶಾಲೆಯ ಮುಂದೆ ಅವರ ಕೈಯಲ್ಲಿ ಕಡ್ಡಿಗೆ ಸಿಕ್ಕಿಸಿದ ಲಾಲಿಪಾಪಿನಂಥ ದುಂಡನೆಯ ಸ್ಟಾಪ್ ಫಲಕ ಇರುತ್ತದೆ. ಅದನ್ನು ಎತ್ತಿದರೆ ಕಾರು ನಿಲ್ಲಲೇಬೇಕು, ಅದು ಕಾನೂನು. ಸ್ಟೇಷನ್ ರಸ್ತೆಯಲ್ಲಿ ಆ ಅಧಿಕಾರ ಅವರಿಗಿಲ್ಲ. ಇಲ್ಲಿ ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗಕ್ಕೆ ಅನುಮತಿ ಇದೆ, ಅತಿ ಹತ್ತಿರದ ಸಿಗ್ನಲ್ ಒಂಬೈನೂರು ಮೀಟರ್ ದೂರದಲ್ಲಿದೆ. 2024ರ ಮಾರ್ಚ್‌ನಿಂದ ಸಂಬಳವಿಲ್ಲದೆ, ಯಾರೂ ಹೇಳದೆ, ವಾರದ ಐದು ದಿನವೂ ಬೆಳಿಗ್ಗೆ ಆರರಿಂದ ಏಳರವರೆಗೆ ಅವರು ಇಲ್ಲಿ ನಿಲ್ಲುತ್ತಿದ್ದಾರೆ.

"ಕಾರು ನಿಲ್ಲಿಸ್ಲಿಕ್ಕೆ ನನಗೆ ಹಕ್ಕಿಲ್ಲ. ಹಾಗಾಗಿ ನಾನು ಜನರನ್ನು ನಿಲ್ಲಿಸುವುದು" ಎನ್ನುತ್ತಾರೆ. "ಒಬ್ಬೊಬ್ಬರೇ ಓಡಿದರೆ ಡ್ರೈವರಿಗೆ ಕಾಣುವುದಿಲ್ಲ. ಎಂಟು ಜನ ಒಟ್ಟಿಗೆ ಹೋದರೆ ಅವನ ಕಾಲು ತನ್ನಷ್ಟಕ್ಕೆ ಬ್ರೇಕಿಗೆ ಹೋಗ್ತದೆ. ಇದು ಬಸ್ಸಿನಲ್ಲಿ ಕಲಿತದ್ದು."

ಈ ಮಂಗಳವಾರ ಅವರು ದಾಟಿಸಿದ್ದು 143 ಜನರನ್ನು, ಹತ್ತೊಂಬತ್ತು ಗುಂಪುಗಳಲ್ಲಿ. ಏಳು ಗಂಟೆಗೆ ಆ ಸಂಖ್ಯೆಯನ್ನು ಎಸ್ಟೇಟಿನ ಕನ್ನಡಿಗರ ಫೇಸ್‌ಬುಕ್ ಗುಂಪಿನಲ್ಲಿ ಹಾಕುತ್ತಾರೆ. ಈ ಗುಂಪು ಕಟ್ಟಿದವರೂ ಅವರೇ. ಮೊದಮೊದಲು ಅಲ್ಲಿ ಬಾಡಿಗೆ ಮನೆ, ಹಳೆ ಸೋಫಾ, ಊರಿಗೆ ಹೋಗುವವರ ಲಗೇಜಿನಲ್ಲಿ ಜಾಗ ಇತ್ಯಾದಿ ಮಾತುಕತೆ ನಡೆಯುತ್ತಿತ್ತು. ಆಮೇಲೆ ಅವರು ಅದನ್ನು ಒಂದೇ ಬೇಡಿಕೆಗೆ ತಿರುಗಿಸಿದರು: ಸ್ಟೇಷನ್ ರಸ್ತೆಗೆ ಪಾದಚಾರಿ ಸಿಗ್ನಲ್ ಬೇಕು. ಸದಸ್ಯರು ಈಗ 3,860. ಇವತ್ತಿನ 143ಕ್ಕೆ ಬಂದ ಲೈಕ್ ಮೂರು.

ಈ ಗುಂಪಿನ ಮೇಲೆ ಅವರು ಇಟ್ಟ ನಂಬಿಕೆ ಎಲ್ಲಿ ಮುರಿಯಿತು ಎಂಬುದನ್ನು ದಿನಾಂಕ ಸಮೇತ ಹೇಳಬಹುದು. ರಸ್ತೆಯ ಹೊಣೆ ಹೊತ್ತ ಕಚೇರಿ ಈ ವರ್ಷದ ಫೆಬ್ರವರಿ 3ರಿಂದ ಮಾರ್ಚ್ 2ರವರೆಗೆ, ಇಪ್ಪತ್ತೆಂಟು ದಿನ, ಸಿಗ್ನಲ್ ಬೇಕೇ ಎಂದು ಜನರ ಅಭಿಪ್ರಾಯ ಕೇಳಿತು. ಅದರ ವೆಬ್‌ಸೈಟಿಗೆ ಹೋಗಿ, ವಿಳಾಸ ಬರೆದು, ಫಾರ್ಮ್ ಕಳಿಸಬೇಕು. ನೋರ್ಬರ್ಟ್ ದಿನವೂ ಗುಂಪಿನಲ್ಲಿ ಅದರ ಕೊಂಡಿ ಹಾಕಿದರು. ಕೆಳಗೆ ಉತ್ತರಗಳು ಸಾಲುಗಟ್ಟಿದವು. 'ಡನ್ ಅಂಕಲ್.' 'ಡನ್, ಗ್ರೇಟ್ ವರ್ಕ್ ಅಂಕಲ್.' ಮೂರನೆಯ ವಾರಕ್ಕೆ ಅವರು ಎಣಿಸಿದರು: 1,204 'ಡನ್'. ಇಷ್ಟು ಸಾಕು, ಇನ್ನು ಜನರನ್ನು ಪೀಡಿಸುವುದು ಬೇಡ ಎಂದು ನೆನಪಿಸುವುದನ್ನೇ ನಿಲ್ಲಿಸಿದರು.

ಏಪ್ರಿಲ್ 10ಕ್ಕೆ ಕಚೇರಿಯ ವರದಿ ಬಂತು. ತಲುಪಿದ ಫಾರ್ಮ್‌ಗಳು 37. ಬೇಡಿಕೆ ಕಡಿಮೆ, 2029ರಲ್ಲಿ ಮರುಪರಿಶೀಲನೆ.

"ಯಾರೂ ಸುಳ್ಳು ಹೇಳಿದ್ದಲ್ಲ. ಅದು ನಮ್ಮ ಜನರ ಮರ್ಯಾದೆ. ಹಿರಿಯರು ಒಂದು ಕೆಲಸ ಹೇಳಿದರೆ ಇಲ್ಲ ಅನ್ಲಿಕ್ಕೆ ಬಾಯಿ ಬರುವುದಿಲ್ಲ. 'ಆಯ್ತು' ಅಂತಾರೆ, ಆಮೇಲೆ ಮಾಡುವ ಅಂತ ಇರ್ತಾರೆ, ಮರೀತಾರೆ. ಊರಲ್ಲಿ ನಾವೂ ಹಾಗೆಯೇ ಅಲ್ವಾ? ನಾನು ಲೆಕ್ಕ ಮಾಡಿದ್ದು ಮರ್ಯಾದೆಯನ್ನು. ಕಚೇರಿಯವರು ಲೆಕ್ಕ ಮಾಡಿದ್ದು ಫಾರ್ಮನ್ನು" ಎನ್ನುತ್ತಾರೆ ಅವರು.

ಇಲ್ಲಿಗೇ ಮುಗಿದಿದ್ದರೆ ಇದು ಒಂದು ಪಾಠವಾಗಿ ಉಳಿಯುತ್ತಿತ್ತು. ಮುಂದೇನು ಮಾಡುವುದೆಂದು ಮುಖಾಮುಖಿ ಕೂತು ಮಾತಾಡಲು ಅವರು ಮೇ 3ರ ಶನಿವಾರ ಹತ್ತು ಗಂಟೆಗೆ ಎಲ್ಲರನ್ನೂ ಕರೆದರು. ಜಾಗ, ಸ್ಟೇಷನ್ ಪಕ್ಕದ ಪಾರ್ಕು. ಅಲ್ಲಿ ಬೆಂಚುಗಳಿವೆ, ಕಾರು ನಿಲ್ಲಿಸಲು ಜಾಗ ಇದೆ, ಬಿಸಿಲಿಗೆ ನೆರಳಾಗಿ ಒಂದು ಚಾವಣಿ ಇದೆ. ಪಾರ್ಕು ರಸ್ತೆಯ ಆಚೆ ಬದಿಗೆ ಇದೆ.

'ಬರುತ್ತೇನೆ' ಎಂದು ಒತ್ತಿದವರು 212. ಬಂದವರು ಏಳು, ಎಲ್ಲರೂ ಕಾರಿನಲ್ಲಿ. ಎಂಟನೆಯವರು ನಡೆದುಕೊಂಡು ಹೊರಟಿದ್ದರು. ಮಗ ತೇಜಸ್ ಮನೆಗೆ ಮೈಸೂರಿನಿಂದ ಬಂದಿದ್ದ ಅನುಸೂಯ, ಅರವತ್ತೆಂಟು ವರ್ಷ, ನಿವೃತ್ತ ಶಾಲಾ ಶಿಕ್ಷಕಿ. ಅವರು ಸಭೆಗೆಂದು ಒಂದು ಹಾಳೆಯಲ್ಲಿ ನಾಲ್ಕು ಸಲಹೆ ಬರೆದುಕೊಂಡಿದ್ದರು. ಹತ್ತು ಗಂಟೆ ಆರು ನಿಮಿಷಕ್ಕೆ, ಎರಡನೆಯ ಲೇನಿನಲ್ಲಿ, ಒಂದು ವ್ಯಾನು ಅವರಿಗೆ ಬಡಿಯಿತು. ತೊಡೆಯ ಮೂಳೆ, ಸೊಂಟದ ಮೂಳೆ ಎರಡೂ ಮುರಿದವು. ಶಸ್ತ್ರಚಿಕಿತ್ಸೆಯ ನಂತರ ಸೋಂಕು ಹತ್ತಿ, ಇನ್ನೊಂದು ಸಲ ಕೊಯ್ಯಬೇಕಾಯಿತು.

"ಸದ್ದು ಕೇಳಿತು. ನಾನು ಫ್ಲಾಸ್ಕಿನಿಂದ ಟೀ ಬಗ್ಗಿಸ್ತಾ ಇದ್ದೆ" ಎನ್ನುತ್ತಾರೆ ನೋರ್ಬರ್ಟ್. "ಜಾಗ ಇಟ್ಟದ್ದು ನಾನು. ರಸ್ತೆ ದಾಟ್ಲಿಕ್ಕೆ ಆಗುವುದಿಲ್ಲ ಅಂತ ಹೇಳುವ ಮೀಟಿಂಗಿಗೆ ಜನ ರಸ್ತೆ ದಾಟಿ ಬರಬೇಕು. ಹದಿನಾಲ್ಕು ತಿಂಗಳು ಬೆಳಿಗ್ಗೆ ಅಲ್ಲಿ ನಿಂತವನಿಗೆ ಅಷ್ಟು ಹೊಳೀಲಿಲ್ಲ."

ಆ ದಿನ ಗುಂಪಿನಲ್ಲಿ 'ಗೆಟ್ ವೆಲ್ ಸೂನ್ ಆಂಟಿ' ಎಂದು ಬರೆದವರು 900ಕ್ಕೂ ಹೆಚ್ಚು.

ಆಮೇಲೆ ಅವರು ಸಿಡ್ನಿಯ ಶರ್ಮಿಳಾ ಅವರಿಗೆ ಫೋನ್ ಮಾಡಿದರು. ಅಲ್ಲಿನ ಬಡಾವಣೆ ಹ್ಯಾರಿಸ್ ಪಾರ್ಕ್‌ನಲ್ಲಿ ಇಂಥದೇ ಗುಂಪು ಕಟ್ಟಿ ಒಂದು ಕತ್ತಲ ಓಣಿಗೆ ದೀಪ ಹಾಕಿಸಿದವರು ಅವರು. "ಅಂಕಲ್, ಲೈಕ್ ನಂಬ್ಕೊಂಡ್ರೆ ಕೆಟ್ರಿ. ನಾವು ಸ್ವೀಟ್ ಅಂಗಡೀಲಿ ಕೂರಿಸ್ಕೊಂಡು, ನಮ್ ಕಣ್ಣೆದುರೇ ಫಾರ್ಮ್ ಕಳ್ಸಿದ್ಮೇಲೇನೇ ಜಿಲೇಬಿ ಕೊಟ್ಟಿದ್ದು" ಎಂದರಂತೆ. ಈ ಮಾತು ಜನವರಿಯಲ್ಲಿ ಗೊತ್ತಿದ್ದರೆ ಎಂದು ನೋರ್ಬರ್ಟ್ ಎರಡು ಸಲ ಹೇಳುತ್ತಾರೆ.

ಕಚೇರಿ ಇನ್ನೊಂದು ದಾರಿ ತೋರಿಸಿದೆ. ನವೆಂಬರ್ 30ರೊಳಗೆ ಐನೂರು ನಿವಾಸಿಗಳು ವಿಳಾಸ ಸಹಿತ ಫಾರ್ಮ್ ಕಳಿಸಿದರೆ ಮರುಪರಿಶೀಲನೆ ಬೇಗ ಆಗಬಹುದು. ಜೂನ್ ಮೊದಲ ವಾರದಿಂದ ಅವರು ತಿಂಗಳಿಗೊಮ್ಮೆ ಸಭೆ ಕರೆಯುತ್ತಿದ್ದಾರೆ, ಈಗ ರಸ್ತೆಯ ಈಚೆ ಬದಿಯಲ್ಲಿ, ತಮ್ಮದೇ ಗ್ಯಾರೇಜಿನಲ್ಲಿ. ಮನೆಮನೆಗೂ ಹೋಗುತ್ತಾರೆ. ಈವರೆಗೆ ಕಣ್ಣೆದುರು ಕಳಿಸಿದ ಫಾರ್ಮ್ 164. ಉಳಿದ ಹದಿನಾರು ವಾರದಲ್ಲಿ ವಾರಕ್ಕೆ ಇಪ್ಪತ್ತೊಂದು ಬೇಕು. ಕಳೆದ ವಾರ ಬಂದದ್ದು ಮೂರು.

ಕಾಯಂ ನಿವಾಸಕ್ಕೆ ಅರ್ಜಿ ಹಾಕಿದ್ದ ಒಂದು ಮನೆಯಲ್ಲಿ ಬಾಗಿಲು ಅರ್ಧ ತೆರೆದೇ ಮಾತಾಡಿದರಂತೆ: "ನಮ್ದು ಪಿಆರ್ ಫೈಲ್ ಇನ್ನೂ ಪೆಂಡಿಂಗ್ ಅಂಕಲ್. ಗವರ್ನಮೆಂಟ್ ವಿರುದ್ಧ ಸೈನ್ ಮಾಡಿದ್ರೆ ಪ್ರಾಬ್ಲಮ್ ಆಗಲ್ವಾ?" ಇನ್ನೊಂದು ಮನೆಯವರು, ರೆಂಟ್ ಮುಗಿಯುತ್ತಿದೆ, ಬೇರೆ ಸಬರ್ಬ್‌ಗೆ ಹೋಗುತ್ತಿದ್ದೇವೆ ಎಂದರು. ಮೂರನೆಯವರು ನಗುತ್ತಾ, "ನೀವೇ ಇದೀರಲ್ಲ ಅಂಕಲ್, ಸಿಗ್ನಲ್ ಯಾಕೆ?" ಎಂದರು. ಅವರನ್ನು ಅತಿ ಹೆಚ್ಚು ಕುಗ್ಗಿಸಿದ್ದು ಈ ಮಾತು. ತಾನು ಅಲ್ಲಿ ನಿಲ್ಲುವುದರಿಂದಲೇ ಸಿಗ್ನಲ್ ಬೇಡವಾಗುತ್ತಿದೆಯೇ ಎಂಬ ಅನುಮಾನ ಅವರಿಗೆ. ನಿಲ್ಲುವುದನ್ನು ಬಿಟ್ಟು ನೋಡಬಹುದು. ಆದರೆ ಆ ಪರೀಕ್ಷೆಯ ಫಲಿತಾಂಶ ಯಾರೋ ಒಬ್ಬರ ದೇಹದ ಮೇಲೆ ಬರೆದುಕೊಳ್ಳುತ್ತದೆ.

ಜೂನ್ ಸಭೆಗೆ ಹನ್ನೊಂದು ಜನ ಬಂದಿದ್ದರು, ಜುಲೈಗೆ ಆರು. ಕಳೆದ ಶನಿವಾರ, ಆಗಸ್ಟ್ 9ಕ್ಕೆ, ಇಬ್ಬರು. ನೋರ್ಬರ್ಟ್ ಮತ್ತು ಇಡಾ, ಅಷ್ಟೇ. ಇಡಾ ಹೇಳುತ್ತಾರೆ: "ಮದುವೆಗೆ ಕರೆದರೆ ಸಾವಿರ ಜನ ಬರ್ತಾರೆ. ಮೀಟಿಂಗಿಗೆ ಕರೆದರೆ ಗಂಡ, ಹೆಂಡತಿ, ಮತ್ತೆ ಇಪ್ಪತ್ತು ಖಾಲಿ ಕುರ್ಚಿ." ಗಂಡ ಒಳಗೆ ಹೋದ ಮೇಲೆ ದನಿ ತಗ್ಗಿಸುತ್ತಾರೆ: "ಮೇ ತಿಂಗಳಿಂದ ಇವರು ಸರಿ ಮಲಗುವುದಿಲ್ಲ. ಬಿಡಿ ಅಂದರೆ ಬಿಡುವುದೂ ಇಲ್ಲ."

ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಕೆಲಸ ಮುಗಿಸಿ ನೋರ್ಬರ್ಟ್ ನೇರ ತೇಜಸ್ ಮನೆಗೆ ಬರುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ತಪ್ಪುವುದಿಲ್ಲ. ಮನೆಯವರು ಅವರನ್ನು ಒಮ್ಮೆಯೂ ದೂರಿಲ್ಲ. ಅದು ಅವರಿಗೆ ಇನ್ನೂ ಕಷ್ಟ. ಏನು ಬಯಸುತ್ತೀರಿ ಎಂಬ ಪ್ರಶ್ನೆಗೆ ಶೂ ಬಿಚ್ಚುತ್ತಲೇ ಉತ್ತರಿಸುತ್ತಾರೆ: "ನನ್ನ ಹೆಸರೆಲ್ಲ ಬೇಡ ಮಾರಾಯ್ರೆ. ಸಿಗ್ನಲ್ ಬಂದರೆ ಬೆಳಿಗ್ಗೆ ಒಂದು ಗಂಟೆ ಹೆಚ್ಚು ಮಲಗಬಹುದು. ಬರ್ತದೆ ಅಂತ ಈಗ ಅನ್ನಿಸುವುದಿಲ್ಲ."

ಅನುಸೂಯ ವಾಕರ್ ಹಿಡಿದು ಮಲಗುವ ಕೋಣೆಯ ಬಾಗಿಲಲ್ಲಿ ಎದ್ದು ನಿಂತಿದ್ದಾರೆ. ನೋರ್ಬರ್ಟ್ ಅವರ ಎದುರು ನಿಂತು, ಹಜಾರದುದ್ದಕ್ಕೂ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ.

"ಬನ್ನಿ ಟೀಚರ್, ನಿಧಾನ."

"ಅವಸರ ಪಡಿಸ್ಬೇಡಿ ನೋರ್ಬರ್ಟ್. ನಾನೇನು ನಿಮ್ಮ ಬಸ್ಸಿನ ಪ್ಯಾಸೆಂಜರ್ರಾ?"

ಅಡುಗೆಮನೆಯ ತಿರುವಿಗೆ ಮುಂಚೆಯೇ ಅನುಸೂಯ ವಾಕರ್ ನಿಲ್ಲಿಸುತ್ತಾರೆ. ತೇಜಸ್ ಕುರ್ಚಿ ತಂದು ಹಿಂದೆ ಇಡುತ್ತಾರೆ. ಫಿಸಿಯೋಥೆರಪಿಸ್ಟ್ ಕೇಳುತ್ತಾರೆಂದು ದಿನವೂ ದೂರ ಅಳೆದಿಡಬೇಕು. ತೇಜಸ್ ಬಾಗಿಲಿನಿಂದ ಕುರ್ಚಿಯವರೆಗೆ ಟೇಪು ಎಳೆಯುತ್ತಾರೆ. ಮೂರು ಮೀಟರ್ ನಲವತ್ತು ಸೆಂಟಿಮೀಟರ್. ಸ್ಟೇಷನ್ ರಸ್ತೆಯ ಅಗಲ ಹದಿನಾರು ಮೀಟರ್.